ದಾವಣಗೆರೆಯಿಂದ ಬರುತ್ತಿದ್ದೇವೆ: ಒಂದು ಭಾನುವಾರ, ಒಂಬತ್ತು ಜನ, ಬೆಂಗಳೂರಿನಲ್ಲಿ ಏನು ನೋಡಬಹುದು?

ದಾವಣಗೆರೆ ಮಂಡಕ್ಕಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಒಂದು ಶನಿವಾರ ಸಂಜೆ ಬೆಂಗಳೂರಿಗೆ ಬಂದು, ಬನಶಂಕರಿ ಮೆಟ್ರೋ ನಿಲ್ದಾಣದ ಹತ್ತಿರ ಇರುವ ಸ್ನೇಹಿತರ ಮನೆಯಲ್ಲಿ ಉಳಿಯುತ್ತೇವೆ. ಸುತ್ತಾಟಕ್ಕೆ ಸಿಗುವುದು ಭಾನುವಾರ ಮಾತ್ರ. ಅಂದೇ ರಾತ್ರಿ 11ಕ್ಕೆ ಮೆಜೆಸ್ಟಿಕ್‌ನಿಂದ ವಾಪಸ್ ರೈಲು.

ನಾವು ಐದು ಜನ: ಗಂಡ ಹೆಂಡತಿ, 72 ವರ್ಷದ ಅಮ್ಮ (ಮೊಣಕಾಲು ನೋವು, ನಿಧಾನವಾಗಿ ನಡೆಯುತ್ತಾರೆ), 11 ಮತ್ತು 6 ವರ್ಷದ ಮಕ್ಕಳು. ಸ್ನೇಹಿತರ ಮನೆಯವರು ನಾಲ್ವರು. ಎಲ್ಲರೂ ಸೇರಿ ಒಂದು ಟಿಟಿ (ಟೆಂಪೊ ಟ್ರಾವೆಲರ್) ಬಾಡಿಗೆಗೆ ತೆಗೆದುಕೊಂಡು, ಬೆಳಿಗ್ಗೆ 9ಕ್ಕೆ ಹೊರಟು ಬನ್ನೇರುಘಟ್ಟ, ಇಸ್ಕಾನ್, ಲಾಲ್‌ಬಾಗ್, ದೊಡ್ಡ ಬಸವನ ಗುಡಿ, ವಿಧಾನಸೌಧ, ಕಮರ್ಷಿಯಲ್ ಸ್ಟ್ರೀಟ್ ನೋಡುವುದು ಅಂತ ಬರೆದುಕೊಂಡಿದ್ದೇನೆ. ಇದು ಆಗುವ ಮಾತೇ? ಆಗದಿದ್ದರೆ ಯಾವುದನ್ನು ಬಿಡಬೇಕು? ಸ್ನೇಹಿತರಿಗೆ ಭಾರ ಆಗಬಾರದು ಅನ್ನುವುದೂ ನನ್ನ ಕಾಳಜಿ.

---

ಗಾಂಧಿ ಬಜಾರ್ ಪಕ್ಕ ಉತ್ತರ:

ಆಗುವುದಿಲ್ಲ. ಬನ್ನೇರುಘಟ್ಟ ಒಂದಕ್ಕೇ ಹೋಗಿ ಬರುವ ದಾರಿ ಸೇರಿ ಮುಕ್ಕಾಲು ದಿನ ಬೇಕು. ಅದನ್ನು ಮೊದಲು ತೆಗೆಯಿರಿ, ಇನ್ನೊಂದು ಸಲಕ್ಕೆ ಇರಲಿ. ಇಸ್ಕಾನ್ ಊರಿನ ಆ ತುದಿ, ಕಮರ್ಷಿಯಲ್ ಸ್ಟ್ರೀಟ್ ಈ ತುದಿ. ಅವೆರಡನ್ನೂ ಬಿಡಿ. ಉಳಿದ ಮೂರು ಜಾಗಗಳೇ ಒಂದು ದಿನಕ್ಕೆ ಸಾಕಷ್ಟು ಕೊಡುತ್ತವೆ.

ಹೊರಗಿನಿಂದ ಬರುವವರು ಲೆಕ್ಕ ತಪ್ಪುವುದು ದೂರದಲ್ಲಲ್ಲ, ಮಧ್ಯಾಹ್ನದ ಬಾಗಿಲಲ್ಲಿ. ಹಳೆ ಬೆಂಗಳೂರು ಮಧ್ಯಾಹ್ನ ಬಾಗಿಲು ಹಾಕಿಕೊಳ್ಳುತ್ತದೆ. ದೇವಸ್ಥಾನಗಳು 12ರ ಆಸುಪಾಸಿನಲ್ಲಿ ಮುಚ್ಚಿ ಸಂಜೆಗೇ ತೆರೆಯುವುದು. ಹಳೆ ತಿಂಡಿ ಹೋಟೆಲುಗಳೂ 12ರ ಸುಮಾರಿಗೆ ಮುಚ್ಚಿ ಎರಡು ಎರಡೂವರೆಗೆ ಮತ್ತೆ ಶುರು. 9ಕ್ಕೆ ಮನೆ ಬಿಟ್ಟರೆ ಎಲ್ಲ ಕಡೆಯೂ ಜನಜಂಗುಳಿ ಇರುವಾಗಲೇ ತಲುಪುತ್ತೀರಿ, ಮೂರನೇ ಜಾಗಕ್ಕೆ ಹೋಗುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಹಾಗಾಗಿ ಬಸವನಗುಡಿಯದ್ದೆಲ್ಲ ಬೆಳಿಗ್ಗೆ 10ರೊಳಗೆ, ಬಯಲಿನ ಲಾಲ್‌ಬಾಗ್ 12ರೊಳಗೆ, ಸೂರು ಇರುವ ಜಾಗ ಮಧ್ಯಾಹ್ನಕ್ಕೆ, ವಿಧಾನಸೌಧ ಸಂಜೆಗೆ.

6:30ಕ್ಕೆ ಮನೆ ಬಿಡಿ, ತಿಂಡಿ ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ. 1943ರ ಹೋಟೆಲು, ಶುಕ್ರವಾರ ರಜೆ, ಭಾನುವಾರ ಬೆಳಿಗ್ಗೆ 6:30ಕ್ಕೇ ಬಾಗಿಲು ತೆರೆಯುತ್ತದೆ. 7ಕ್ಕೆ ಹೋದವರು ಬೇಗ ಕೂರುತ್ತಾರೆ, 9ಕ್ಕೆ ಹೋದವರು ಫುಟ್‌ಪಾತಿನಲ್ಲಿ ಒಂದು ಗಂಟೆ ನಿಲ್ಲುವುದೂ ಉಂಟು. ಬಾಗಿಲಲ್ಲಿ ಹೆಸರು ಬರೆಸಬೇಕು. ಒಂಬತ್ತು ಜನ ಅಂತ ಬರೆಸಬೇಡಿ, ಅಷ್ಟು ಜಾಗ ಒಟ್ಟಿಗೆ ಖಾಲಿಯಾಗುವ ತನಕ ಕಾಯಬೇಕಾಗುತ್ತದೆ. ನಾಲ್ಕು ಮತ್ತು ಐದು ಅಂತ ಎರಡು ಹೆಸರು ಕೊಡಿ. ಸ್ನೇಹಿತರಲ್ಲಿ ಒಬ್ಬರು ಸ್ಕೂಟರಿನಲ್ಲಿ ಕಾಲು ಗಂಟೆ ಮುಂಚೆ ಹೋಗಿ ಬರೆಸಿದರೆ ಇನ್ನೂ ಒಳ್ಳೆಯದು. ಊರಿನವರು ಮಾಡಬಹುದಾದ ದೊಡ್ಡ ಉಪಕಾರ ಅದೇ.

ದಾವಣಗೆರೆಯವರಿಗೆ ದೋಸೆ ಹೇಳಿಕೊಡುವ ಅಗತ್ಯವಿಲ್ಲ, ಆದರೆ ಇದು ಬೇರೆಯೇ ಜಾತಿ. ನಿಮ್ಮದು ಮಂಡಕ್ಕಿ ಹಾಕಿ ರುಬ್ಬಿದ ಮೆತ್ತನೆ ದೋಸೆ, ಮೇಲೆ ಬೆಣ್ಣೆ, ಪಲ್ಯ ಪಕ್ಕಕ್ಕೆ. ಇಲ್ಲಿಯದು ದಪ್ಪ, ಅಡಿಭಾಗ ಇಟ್ಟಿಗೆ ಕೆಂಪಿಗೆ ಬಂದು ಗರಿಗರಿ, ತುಪ್ಪದ ವಾಸನೆ, ಪಲ್ಯ ಒಳಗೆ. ಸಾಂಬಾರ್ ಕೊಡುವುದಿಲ್ಲ. ತೆಳ್ಳಗಿನ ಚಟ್ನಿಯನ್ನು ಪಾತ್ರೆ ಹಿಡಿದು ಬಂದು ತಟ್ಟೆಗೇ ಸುರಿಯುತ್ತಾರೆ. ದೋಸೆಯ ಮೇಲೆ ಬೀಳದಂತೆ ಪಕ್ಕಕ್ಕೆ ಹಾಕಿಸಿಕೊಳ್ಳಿ, ಇಲ್ಲದಿದ್ದರೆ ಆ ಗರಿ ಎರಡು ನಿಮಿಷದಲ್ಲಿ ಮೆತ್ತಗಾಗುತ್ತದೆ. ಸಪ್ಲೈಯರ್ ಒಂದೇ ತೋಳಿನ ಮೇಲೆ ತಟ್ಟೆಯ ಮೇಲೆ ತಟ್ಟೆ ಜೋಡಿಸಿಕೊಂಡು ಬರುವುದನ್ನು ಮಕ್ಕಳಿಗೆ ತೋರಿಸಿ.

ಅಲ್ಲಿಂದ ದೊಡ್ಡ ಗಣಪತಿ, ದೊಡ್ಡ ಬಸವ ನಡೆದೇ ಹೋಗುವ ದೂರ. ಅಮ್ಮನವರಿಗೆ ಮಾತ್ರ ಆಟೋ ಹಿಡಿಯಿರಿ. ಗಣಪತಿ ಕೆಳಗೆ, ಬಸವ ಮೇಲೆ, ನಡುವೆ ಮೆಟ್ಟಿಲುಗಳಿವೆ. ಬಸವ ಒಂದೇ ಕಲ್ಲಿನದು, ಸುಮಾರು 15 ಅಡಿ ಎತ್ತರ, 20 ಅಡಿ ಉದ್ದ. ಸುತ್ತ ಪ್ರದಕ್ಷಿಣೆ ಹಾಕಿದರೆ ಹಿಂದೆ ಮಡಚಿದ ಕಾಲು, ಬಾಲ ಎಲ್ಲ ಕೆತ್ತಿರುವುದು ಕಾಣುತ್ತದೆ. ಮುಂದಿನಿಂದ ಕೈಮುಗಿದು ಹೊರಟುಬಿಟ್ಟರೆ ಅರ್ಧ ಬಸವನನ್ನಷ್ಟೇ ನೋಡಿದ ಹಾಗೆ. ನೆತ್ತಿಯ ಮೇಲೆ ಒಂದು ಪುಟ್ಟ ತ್ರಿಶೂಲ ಇದೆ. ಬಸವ ಬೆಳೆಯುತ್ತಲೇ ಇದ್ದನಂತೆ, ಅದನ್ನು ನಿಲ್ಲಿಸಲು ಇಟ್ಟದ್ದು ಅನ್ನುತ್ತಾರೆ. ಆರು ವರ್ಷದ ಮಗು ಅದನ್ನು ಹುಡುಕಲಿ. ಕಡಲೆಕಾಯಿ ಪರಿಷೆ ನಡೆಯುವುದು ಕಾರ್ತಿಕದ ಕೊನೆ ಸೋಮವಾರ. ಅದರ ಹಿಂದಿನ ಭಾನುವಾರ ನಿಮ್ಮದಾದರೆ ಈ ಯೋಜನೆ ಪೂರ್ತಿ ಮರೆತು ಪರಿಷೆಯನ್ನೇ ನೋಡಿ.

ಕುರುಕಲು ಬೇಕಿದ್ದರೆ ಗಾಂಧಿ ಬಜಾರಿನ ಸುಬ್ಬಮ್ಮನ ಅಂಗಡಿ: ಕೋಡುಬಳೆ, ನಿಪ್ಪಟ್ಟು, ಹುರಿಗಾಳು. ಕನ್ನಡ ಪುಸ್ತಕಕ್ಕೆ ಅಂಕಿತ ಪುಸ್ತಕ ಅದೇ ರಸ್ತೆಯಲ್ಲಿದೆ.

---

ಹಸಿರು ಮಾರ್ಗ ಉತ್ತರ:

ಮೇಲಿನವರು ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ. ಓಡಾಟದ ಬಗ್ಗೆ ಮಾತ್ರ ಸೇರಿಸುತ್ತೇನೆ.

ಟಿಟಿ ಬೇಡ. ಗಾಂಧಿ ಬಜಾರಿನಲ್ಲಿ ಅಷ್ಟು ದೊಡ್ಡ ಗಾಡಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಡ್ರೈವರ್ ಎಲ್ಲೋ ದೂರ ಹೋಗಿ ನಿಂತಿರುತ್ತಾನೆ, ಪ್ರತಿ ಸಲ ಫೋನ್ ಮಾಡಿ ಕರೆಸಬೇಕು. ಒಂಬತ್ತು ಜನ ಹತ್ತಿ ಇಳಿಯುವುದಕ್ಕೇ ಹತ್ತು ನಿಮಿಷ. ಆರು ಸಲ ಹತ್ತಿ ಇಳಿದರೆ ಒಂದು ಗಂಟೆ ಅಲ್ಲೇ ಹೋಯಿತು. ನಿಮ್ಮ ಸ್ನೇಹಿತರ ಮನೆ ಮೆಟ್ರೋದ ಹಸಿರು ಮಾರ್ಗದಲ್ಲೇ ಇದೆ, ಅದನ್ನೇ ಬೆನ್ನೆಲುಬು ಮಾಡಿಕೊಳ್ಳಿ.

ಆದರೆ ಭಾನುವಾರ ಮೆಟ್ರೋ ಶುರುವಾಗುವುದು ಬೆಳಿಗ್ಗೆ 7ಕ್ಕೆ. 6:30ಕ್ಕೆ ನಿಲ್ದಾಣದ ಬಾಗಿಲಲ್ಲಿ ನಿಂತು ಪ್ರಯೋಜನವಿಲ್ಲ. ಆದ್ದರಿಂದ ಮೊದಲ ಪಯಣ ಆಟೋದಲ್ಲಿ. ಮೀಟರ್ ದರ 2025ರ ಆಗಸ್ಟ್‌ನಿಂದ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಬನಶಂಕರಿಯಿಂದ ಗಾಂಧಿ ಬಜಾರಿಗೆ 4 ಕಿ.ಮೀ. ಅಂತ ಹಿಡಿದರೆ 72 ರೂಪಾಯಿ. ಒಂದು ಆಟೋದಲ್ಲಿ ಮೂವರು, ಹಾಗಾಗಿ ಮೂರು ಆಟೋ, ಒಟ್ಟು 216. ಒಂದೊಂದು ಆಟೋದಲ್ಲೂ ಸ್ಥಳೀಯರೊಬ್ಬರು ಇರಲಿ. ಇದು ಮುಖ್ಯ: ಊರಿನವರೆಲ್ಲ ಒಂದರಲ್ಲಿ, ನೆಂಟರೆಲ್ಲ ಇನ್ನೊಂದರಲ್ಲಿ ಕೂತರೆ ಅರ್ಧ ಜನ ಬೇರೆ ಗೇಟಿನಲ್ಲಿ ಇಳಿದಿರುತ್ತಾರೆ.

ನಂತರದ್ದೆಲ್ಲ ಮೆಟ್ರೋ. ಲಾಲ್‌ಬಾಗ್ ನಿಲ್ದಾಣದಿಂದ ನ್ಯಾಷನಲ್ ಕಾಲೇಜು, ಕೆ.ಆರ್. ಮಾರುಕಟ್ಟೆ, ಚಿಕ್ಕಪೇಟೆ ದಾಟಿದರೆ ಮೆಜೆಸ್ಟಿಕ್. ಅಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ವೈಟ್‌ಫೀಲ್ಡ್ ಕಡೆಯ ರೈಲು ಹತ್ತಿ. ಎರಡನೇ ನಿಲ್ದಾಣ ವಿಧಾನಸೌಧ, ಮೂರನೆಯದು ಕಬ್ಬನ್ ಪಾರ್ಕ್. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗ ಕೆಳ ಅಂತಸ್ತಿನಲ್ಲಿದೆ, ನೇರಳೆ ಅದರ ಮೇಲೆ. ಎಸ್ಕಲೇಟರಿಗೆ ಜನ ನುಗ್ಗುತ್ತಾರೆ, ಅಮ್ಮನವರನ್ನು ಲಿಫ್ಟಿನಲ್ಲಿ ಕರೆದುಕೊಂಡು ಹೋಗಿ, ಮಿಕ್ಕವರು ಮೇಲೆ ಒಂದು ಕಂಬದ ಗುರುತು ಹೇಳಿಕೊಂಡು ಅಲ್ಲಿ ಸೇರಲಿ.

ಟಿಕೆಟ್: ಮೊಬೈಲಿನಲ್ಲಿ ತೆಗೆದ ಒಂದೇ ಕ್ಯೂಆರ್‌ನಲ್ಲಿ 6 ಜನರವರೆಗೆ ಹೋಗಬಹುದು. ನಿಮ್ಮ ಐದು ಜನರದ್ದೊಂದು, ಅವರ ನಾಲ್ವರದ್ದೊಂದು ತೆಗೆಯಿರಿ. ಗೇಟಿನಲ್ಲಿ ಪ್ರತಿಯೊಬ್ಬರಿಗೂ ಒಮ್ಮೆ ಅದೇ ಕ್ಯೂಆರ್ ತೋರಿಸಬೇಕು, ಹೊರಗೆ ಬರುವಾಗಲೂ ಹಾಗೇ. ಫೋನ್ ಹಿಡಿದವರು ಕೊನೆಯಲ್ಲಿ ದಾಟಬೇಕು. ಅವರೇ ಮೊದಲು ದಾಟಿ ಮುಂದೆ ಹೋದರೆ ಹಿಂದಿನವರು ಒಳಗೇ ಸಿಕ್ಕಿಕೊಳ್ಳುತ್ತಾರೆ. ಭಾನುವಾರ ಗೇಟಿನ ಹತ್ತಿರ ಆಗುವ ಗೊಂದಲದಲ್ಲಿ ಹೆಚ್ಚಿನದು ಇದೇ. ಸ್ಮಾರ್ಟ್ ಕಾರ್ಡ್ ಇದ್ದರೆ ಭಾನುವಾರ ದರದಲ್ಲಿ ಶೇ. 10 ಕಡಿಮೆ, ಆದರೆ ಒಂದು ಕಾರ್ಡ್ ಒಬ್ಬರಿಗೆ ಮಾತ್ರ. 3 ಅಡಿಗಿಂತ ಎತ್ತರದ ಮಗುವಿಗೆ ಟಿಕೆಟ್ ಬೇಕು, ನಿಮ್ಮ ಆರು ವರ್ಷದ ಮಗುವಿಗೂ ತೆಗೆಯಿರಿ.

ಮನೆಯ ಹೆಂಗಸರು ಆಧಾರ್ ಕಾರ್ಡ್ ಜೊತೆಗಿಟ್ಟುಕೊಳ್ಳಲಿ. ಎಲ್ಲಾದರೂ ಬಿಎಂಟಿಸಿ ಸಾಮಾನ್ಯ ಬಸ್ ಹತ್ತಿದರೆ ಶಕ್ತಿ ಯೋಜನೆಯಲ್ಲಿ ಉಚಿತ. ಎಸಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ.

---

ದಾವಣಗೆರೆ ಮಂಡಕ್ಕಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ತುಂಬಾ ಧನ್ಯವಾದ. ಟಿಟಿ ಕೈಬಿಟ್ಟೆವು. ಇನ್ನು ಮೂರು ಪ್ರಶ್ನೆ. ಲಾಲ್‌ಬಾಗಿನಲ್ಲಿ ಅಮ್ಮ ಎಷ್ಟು ನಡೆಯಬೇಕಾಗುತ್ತದೆ? ಮಧ್ಯಾಹ್ನದ ಊಟಕ್ಕೆ ಎಂಟಿಆರ್ ಅಂದುಕೊಂಡಿದ್ದೇವೆ, ಸರಿಯೇ? ಮಳೆ ಬಂದರೆ ಏನು ಮಾಡುವುದು?

---

ಮುಂಜಾವಿನ ಲಾಲ್‌ಬಾಗ್ ಉತ್ತರ:

ಅಮ್ಮನವರ ವಿಷಯ ಮೊದಲು. ಲಾಲ್‌ಬಾಗ್ 240 ಎಕರೆ, ಪೂರ್ತಿ ನೋಡುತ್ತೇವೆ ಅಂತ ಹೊರಡಬೇಡಿ. ನಾಲ್ಕು ಗೇಟುಗಳಿವೆ. ಯಾವ ಗೇಟಿನಲ್ಲಿ ಒಳಗೆ ಹೋಗುತ್ತೀರಿ ಅನ್ನುವುದರ ಮೇಲೆ ಅವರ ಮೊಣಕಾಲಿನ ಆ ದಿನದ ಗತಿ ನಿಂತಿದೆ. ಬಸವನಗುಡಿಯಿಂದ ಬರುವವರಿಗೆ ಮೆಟ್ರೋ ನಿಲ್ದಾಣದ ಪಕ್ಕದ ಪಶ್ಚಿಮ ಗೇಟು ಹತ್ತಿರ. ನಿಲ್ದಾಣದ ಶೌಚಾಲಯಕ್ಕೆ ಹೋಗಿ ಬಂದೇ ಒಳಗೆ ಕಾಲಿಡಿ. ಆ ಗೇಟಿನಿಂದ ಗಾಜಿನ ಮನೆ ನೋಡಿ ಅದೇ ಗೇಟಿಗೆ ವಾಪಸಾದರೆ ಸಮತಟ್ಟು ದಾರಿ, ನೆರಳು, ಕೂರಲು ಬೆಂಚುಗಳು. ವಯಸ್ಸಾದವರಿಗೆ ಬ್ಯಾಟರಿ ಗಾಡಿಯೂ ಇದೆ, ಅದರ ಟಿಕೆಟ್ ಬೇರೆ. ಒಳಗೆ ಹೋದ ಕೂಡಲೇ ಅದು ಎಲ್ಲಿಂದ ಹೊರಡುತ್ತದೆ ಅಂತ ಕೇಳಿಕೊಳ್ಳಿ. ಸುಸ್ತಾದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ತೋಟದೊಳಗಿನ ದೊಡ್ಡ ಕಲ್ಲುಬಂಡೆ ಇರುವುದು ಡಬಲ್ ರೋಡ್ ಗೇಟಿನ ಕಡೆ. ಅಮ್ಮನವರು ಗಾಜಿನ ಮನೆಯ ಹತ್ತಿರ ಯಾರ ಜೊತೆಗಾದರೂ ಕೂತಿರಲಿ, ಮಕ್ಕಳನ್ನು ಇಬ್ಬರು ದೊಡ್ಡವರು ಬಂಡೆಗೆ ಕರೆದುಕೊಂಡು ಹೋಗಲಿ. ದಯವಿಟ್ಟು ಬಂಡೆ ತಪ್ಪಿಸಬೇಡಿ. ಹೈದರಾಲಿ ಈ ತೋಟ ಹಾಕಿಸಲು ಶುರು ಮಾಡಿದ್ದು 1760ರಲ್ಲಿ, ಗಾಜಿನ ಮನೆ ಎದ್ದದ್ದು 1889ರ ನಂತರ, ಆದರೆ ಈ ಕಲ್ಲಿನ ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದ್ದಾರೆ. 11 ವರ್ಷದವರಿಗೆ ಬಗ್ಗಿ ನೋಡಲು ಹೇಳಿ: ಕಪ್ಪು ಬಿಳಿ ಪಟ್ಟೆಗಳು ಕಲಸಿದ ಹಿಟ್ಟಿನ ಹಾಗೆ ಸುರುಳಿ ಸುತ್ತಿಕೊಂಡು ಹೋಗಿರುತ್ತವೆ. ಭೂಮಿಯ ಆಳದಲ್ಲಿ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಕಲ್ಲು ಮೆದುವಾಗಿ ಮಡಿಸಿಕೊಂಡ ಗುರುತು ಅದು. ಈ ಭಾಗದ ನೆಲದಡಿಯೂ ಇದೇ ಜಾತಿಯ ಕಲ್ಲೇ. ಮೇಲಿರುವ ಪುಟ್ಟ ಗೋಪುರ ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಒಂದು. ಉಳಿದವು ಮೇಖ್ರಿ ಸರ್ಕಲ್ ಹತ್ತಿರ, ಹಲಸೂರು ಕೆರೆ ಹತ್ತಿರ, ಕೆಂಪಾಂಬುಧಿ ಕೆರೆ ಹತ್ತಿರ. ಗೋಪುರದ ಬಳಿ ನಿಂತು ಸುತ್ತ ಕಣ್ಣು ಹಾಯಿಸಿದರೆ, ಒಂದು ಕಾಲದ ಗಡಿಯನ್ನು ಊರು ಎಷ್ಟು ದಾಟಿ ಬೆಳೆದಿದೆ ಅನ್ನುವುದು ಮಕ್ಕಳಿಗೂ ತಿಳಿಯುತ್ತದೆ.

ಹತ್ತುವುದು 11ರೊಳಗೆ ಮುಗಿಯಲಿ. ಮೇಲೆ ಒಂದಿಷ್ಟೂ ನೆರಳಿಲ್ಲ, ಕಲ್ಲು ಕಾಯುತ್ತದೆ. ಒದ್ದೆಯಾಗಿದ್ದರೆ ಹತ್ತಲೇಬೇಡಿ, ಪಾಚಿ ಇರುವ ಕಡೆ ಚಪ್ಪಲಿ ನಿಲ್ಲುವುದಿಲ್ಲ. ಹತ್ತುವುದಕ್ಕಿಂತ ಇಳಿಯುವಾಗ ಜಾರುವವರು ಹೆಚ್ಚು. ನೀರಿಗೆ ಸ್ಟೀಲ್ ಬಾಟಲಿ ತನ್ನಿ.

ಒಂದು ಎಚ್ಚರಿಕೆ: ಜನವರಿ 26 ಮತ್ತು ಆಗಸ್ಟ್ 15ರ ಸುತ್ತ ಫಲಪುಷ್ಪ ಪ್ರದರ್ಶನ ಇರುತ್ತದೆ. ಆ ದಿನಗಳ ಭಾನುವಾರ ಆದರೆ ಮೆಟ್ರೋ ನಿಲ್ದಾಣದಿಂದಲೇ ಜನಸಾಗರ. ಆಗ ಲಾಲ್‌ಬಾಗನ್ನೇ ಮೊದಲು ಇಟ್ಟು ದೋಸೆಯನ್ನು ಬಿಡಬೇಕಾಗುತ್ತದೆ.

---

ಗಾಂಧಿ ಬಜಾರ್ ಪಕ್ಕ ಉತ್ತರ:

ಎಂಟಿಆರ್ ಬಗ್ಗೆ: 1924ರ ಹೋಟೆಲು, ರುಚಿಯಲ್ಲಿ ಎರಡು ಮಾತಿಲ್ಲ, ಲಾಲ್‌ಬಾಗಿನ ಮುಖ್ಯ ಗೇಟಿಗೆ ಹತ್ತಿರವೂ ಹೌದು. ಆದರೂ ನಿಮ್ಮ ಈ ದಿನಕ್ಕೆ ಬೇಡ ಅನ್ನುತ್ತೇನೆ. ಭಾನುವಾರದ ಊಟಕ್ಕೆ ಒಂಬತ್ತು ಜನ ಕಾಯುವುದು, ಒಂದೊಂದಾಗಿ ಬಡಿಸುವ ಪೂರ್ತಿ ಊಟ ಮುಗಿಸುವುದು ಸೇರಿ ಎರಡು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ತುಪ್ಪದ ದೋಸೆ ತಿಂದವರಿಗೆ ಆ ಊಟದ ಮೇಲೆ ಮ್ಯೂಸಿಯಂ ನೋಡಲು ಕಾಲು ಬರುವುದಿಲ್ಲ. ಒಂದು ದಿನಕ್ಕೆ ಒಂದು ಹೆಸರಾಂತ ಹೋಟೆಲು ಸಾಕು. ಮಧ್ಯಾಹ್ನ ದಾರಿಯಲ್ಲಿ ಸಿಗುವ ಯಾವುದಾದರೂ ದರ್ಶಿನಿಯಲ್ಲಿ ಅನ್ನ ಸಾಂಬಾರ್, ಮೊಸರನ್ನ ತಿನ್ನಿ. ಅಮ್ಮನವರಿಗೆ ಕೂರಲು ಕುರ್ಚಿ ಇರುವ ಕಡೆ ನೋಡಿ, ಎಷ್ಟೋ ದರ್ಶಿನಿಗಳಲ್ಲಿ ನಿಂತೇ ತಿನ್ನಬೇಕು. ಇಲ್ಲವೇ ಸ್ನೇಹಿತರ ಮನೆಯಿಂದ ಚಿತ್ರಾನ್ನ ಕಟ್ಟಿಸಿಕೊಂಡು ಬನ್ನಿ.

ಊಟ ಆದ ಮೇಲೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ. ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಿರಿ. ಭಾನುವಾರವೂ ತೆರೆದಿರುತ್ತದೆ. ಗುಂಡಿ ಒತ್ತಿದರೆ ಚಲಿಸುವ ಯಂತ್ರಗಳು, ರೈಟ್ ಸಹೋದರರ ವಿಮಾನದ ನಿಜ ಗಾತ್ರದ ಮಾದರಿ ಎಲ್ಲ ಇರುವುದರಿಂದ ಮಕ್ಕಳು ಹೊರಗೆ ಬರುವುದಿಲ್ಲ ಅನ್ನುತ್ತಾರೆ. ಮಳೆ ಬಂದರೂ ತೊಂದರೆಯಿಲ್ಲ. ಬೇಸಿಗೆಯ ಕೊನೆಗೆ, ಮತ್ತೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮಳೆ ಹೆಚ್ಚಾಗಿ ಸುರಿಯುವುದು ಸಂಜೆಯೇ. ನಾಲ್ಕಕ್ಕೆ ಮೋಡ ಕಟ್ಟಿದ್ದು ಕಂಡರೆ ಪಾರ್ಕಿಗೆ ಇಳಿಯಬೇಡಿ, ಅಲ್ಲೇ ಒಳಗಿರಿ. ಬೆಳಿಗ್ಗೆಯೇ ಮಳೆ ಹಿಡಿದರೆ ಬಂಡೆ ಬಿಟ್ಟು, ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ಟಿಪ್ಪು ಬೇಸಿಗೆ ಅರಮನೆಗೆ ಹೋಗಿ. 1791ರಲ್ಲಿ ಮುಗಿದ ತೇಗದ ಕಟ್ಟಡ, 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

---

ಮೂರನೇ ಮಹಡಿ ಉತ್ತರ:

ಮ್ಯೂಸಿಯಂ ಸಲಹೆಗೆ ಒಂದು ಪರ್ಯಾಯ. ವಿಧಾನಸೌಧವನ್ನು ಎಲ್ಲರೂ ರಸ್ತೆಯಾಚೆ ನಿಂತು ಫೋಟೋ ತೆಗೆದುಕೊಂಡು ಹೊರಡುತ್ತಾರೆ. 2025ರ ಜೂನ್‌ನಿಂದ ಒಳಗೆ ಕರೆದುಕೊಂಡು ಹೋಗಿ ತೋರಿಸುವ ವ್ಯವಸ್ಥೆ ಇದೆ, ಭಾನುವಾರಗಳಲ್ಲೂ, ಎರಡನೇ ಮತ್ತು ನಾಲ್ಕನೇ ಶನಿವಾರಗಳಲ್ಲೂ. ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮೂಲಕ ಆನ್‌ಲೈನಿನಲ್ಲಿ ಮೊದಲೇ ಬುಕ್ ಮಾಡಬೇಕು, ಗುರುತಿನ ಚೀಟಿ ಕಡ್ಡಾಯ. ಒಂದು ಸುತ್ತಿಗೆ ಸುಮಾರು ಒಂದೂವರೆ ಗಂಟೆ. 11 ವರ್ಷದ ಮಗು ಪಾಠದಲ್ಲಿ ಓದುವ ಶಾಸನಸಭೆ ಇರುವ ಕಟ್ಟಡವದು. 1951ರಲ್ಲಿ ಅಡಿಗಲ್ಲು ಬಿದ್ದು 1956ಕ್ಕೆ ಮುಗಿದದ್ದು, ಕೆಂಗಲ್ ಹನುಮಂತಯ್ಯನವರ ಹಟ. ನನ್ನ ಪ್ರಕಾರ ಇದಕ್ಕೇ ಮೊದಲ ಮಣೆ.

ಆದರೆ ಒಂದೂವರೆ ಗಂಟೆ ನಡೆಯುತ್ತಲೇ ಇರಬೇಕು, ಅಮ್ಮನವರಿಗೂ ಆರು ವರ್ಷದ ಮಗುವಿಗೂ ಕಷ್ಟ. ಗುಂಪನ್ನು ಒಡೆಯಲು ಹಿಂಜರಿಯಬೇಡಿ. ದೊಡ್ಡ ಮಗು ಮತ್ತು ಮೂವರು ವಿಧಾನಸೌಧಕ್ಕೆ, ಉಳಿದವರು ಮ್ಯೂಸಿಯಂಗೆ, ಆಮೇಲೆ ಕಬ್ಬನ್ ಪಾರ್ಕಿನಲ್ಲಿ ಸೇರುವುದು. ಭಾನುವಾರ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲವಾದ್ದರಿಂದ ಮಕ್ಕಳು ಓಡಾಡಬಹುದು. ಆದರೆ ಆಟೋ ಕೂಡ ಒಳಗೆ ಬರುವುದಿಲ್ಲ. ಅಮ್ಮನವರನ್ನು ಮ್ಯೂಸಿಯಂ ಬಾಗಿಲಿನಿಂದ ನೇರ ವಿಧಾನಸೌಧದ ಮುಂದಕ್ಕೆ ಆಟೋದಲ್ಲಿ ಕರೆದುಕೊಂಡು ಹೋಗಿ. ಕತ್ತಲಾದ ಮೇಲೆ ದೀಪಾಲಂಕಾರ ನೋಡಿಯೇ ಹೊರಡಿ. ಎದುರಿಗೆ ಕೆಂಪು ಬಣ್ಣದ ಅಠಾರ ಕಚೇರಿ, ಈಗಿನ ಹೈಕೋರ್ಟ್.

---

ಹಸಿರು ಮಾರ್ಗ ಉತ್ತರ:

ರಾತ್ರಿಯ ಲೆಕ್ಕ ಯಾರೂ ಹೇಳಲಿಲ್ಲ. 7ಕ್ಕೆ ವಿಧಾನಸೌಧ ನಿಲ್ದಾಣದಲ್ಲಿ ರೈಲು ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ. ಹಸಿವಿದ್ದರೆ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ವಿ.ವಿ. ಪುರದ ತಿಂಡಿ ಬೀದಿ ಹತ್ತು ನಿಮಿಷದ ನಡಿಗೆ. ಚಳಿಗಾಲವಾದರೆ ಅವರೆಬೇಳೆಯ ತಿಂಡಿಗಳನ್ನು ಬಿಡಬೇಡಿ. ಅಲ್ಲಿ ಕೂರಲು ಜಾಗ ಇಲ್ಲ, ಅಮ್ಮನವರು ದಣಿದಿದ್ದರೆ ಒಬ್ಬರು ಅವರನ್ನು ನೇರ ಬನಶಂಕರಿಗೆ ಕರೆದುಕೊಂಡು ಹೋಗಲಿ. ಎಲ್ಲರೂ 8:45ಕ್ಕೆ ಮನೆಯಲ್ಲಿ, 9:45ಕ್ಕೆ ಬ್ಯಾಗಿನೊಂದಿಗೆ ಮತ್ತೆ ಮೆಟ್ರೋ. ಬ್ಯಾಗ್‌ಗಳನ್ನು ಶನಿವಾರ ರಾತ್ರಿಯೇ ಕಟ್ಟಿಡಿ. 11ರ ರೈಲಿಗೆ 10ಕ್ಕೆ ಕಾರಿನಲ್ಲಿ ಹೊರಡಬೇಡಿ, ಮೆಜೆಸ್ಟಿಕ್ ಸುತ್ತ ರಾತ್ರಿ ಬಸ್ಸುಗಳ ಹೊತ್ತು ಅದು.

ಸ್ನೇಹಿತರಿಗೆ ಭಾರ ಆಗಬಾರದು ಅಂದಿರಿ. ಆಟೋ, ಟಿಕೆಟ್, ತಿಂಡಿಗೆ ಬೆಳಿಗ್ಗೆಯೇ ಎರಡೂ ಮನೆಯವರು ಸಮಾನ ದುಡ್ಡು ಹಾಕಿ ಒಂದೇ ಪರ್ಸಿನಲ್ಲಿ ಇಡಿ, ಅದನ್ನು ಒಬ್ಬರಿಗೆ ಕೊಟ್ಟುಬಿಡಿ. ಬಿಲ್ಲಿನ ಮುಂದೆ "ನಾನು ಕೊಡ್ತೀನಿ, ನೀವು ಬೇಡ" ಅನ್ನುವ ಎಳೆದಾಟ ಇರುವುದಿಲ್ಲ.

---

ದಾವಣಗೆರೆ ಮಂಡಕ್ಕಿ:

ತೀರ್ಮಾನ ಆಯಿತು: ದೋಸೆ, ಬಸವ, ಲಾಲ್‌ಬಾಗ್, ಆಮೇಲೆ ಎರಡು ಗುಂಪು. ವಿಧಾನಸೌಧಕ್ಕೆ ನಾಲ್ವರ ಬುಕಿಂಗ್ ಇವತ್ತೇ ನೋಡುತ್ತೇನೆ. ಅಮ್ಮ ಬಂಡೆಯ ಬುಡದ ತನಕವಾದರೂ ಬರುತ್ತೇನೆ ಅನ್ನುತ್ತಿದ್ದಾರೆ.

---

ಮುಂಜಾವಿನ ಲಾಲ್‌ಬಾಗ್ ಉತ್ತರ:

ಹಾಗಿದ್ದರೆ ಬಸವನಗುಡಿಯಿಂದ ಅವರ ಆಟೋ ಮಾತ್ರ ಡಬಲ್ ರೋಡ್ ಗೇಟಿಗೆ ಹೋಗಲಿ, ಬಂಡೆ ಅಲ್ಲಿಂದ ಹತ್ತಿರ. ಬುಡದಲ್ಲೂ ಅದೇ ಪಟ್ಟೆ ಪಟ್ಟೆ ಕಲ್ಲು, ಕೈಯಿಟ್ಟು ನೋಡಬಹುದು. ಅಲ್ಲಿಂದ ಗಾಜಿನ ಮನೆಗೆ ಬ್ಯಾಟರಿ ಗಾಡಿ ಕೇಳಿ.